ಮೂರು ಸಂತೆ, ಒಂದು ವೇಳಾಪಟ್ಟಿ

ಮಕ್ಕಳಿಗೆ ಮನೆಯಲ್ಲೇ ಕಲಿಸಬೇಕೆಂದು ಪುಸ್ತಕ ಕೊಳ್ಳಲು ಹೊರಟವರಿಗೆ ನಾನು ಹೇಳುವ ಮೊದಲ ಮಾತು: ಮೊದಲನೇ ಪುಟ ನೋಡಬೇಡಿ. ಅದು ಅಂಗಡಿಯ ಮುಂದೆ ತೂಗುಹಾಕಿದ ಸೀರೆಯಂತೆ, ಎಲ್ಲರದ್ದೂ ಚೆಂದವೇ ಇರುತ್ತದೆ. ನಡುವೆ ಎಲ್ಲಾದರೂ ಬೆರಳು ತೂರಿಸಿ ತೆರೆಯಿರಿ. ಅಲ್ಲಿ ಸಿಕ್ಕ ಪಾಠವನ್ನು ಅಂಗಡಿಯಲ್ಲೇ ನಿಂತು ಮಗುವಿಗೆ ಓದಿ ಹೇಳಿ. ಮಗು ತಾನಾಗಿ ಮುಂದಿನ ಹಾಳೆ ತಿರುವಿದರೆ ಕೊಳ್ಳಿ. ನಿಮ್ಮ ಸೆರಗು ಎಳೆದರೆ, ಅಂಗಡಿಯವನು ಎಷ್ಟು ಬಿಟ್ಟುಕೊಡುತ್ತೇನೆಂದರೂ ಮುಚ್ಚಿಟ್ಟು ಬನ್ನಿ. ಇದು ಬಟ್ಟೆ ವ್ಯಾಪಾರದಲ್ಲಿ ಕಲಿತ ಬುದ್ಧಿ. ನನ್ನ ಇಬ್ಬರು ಹೆಣ್ಣುಮಕ್ಕಳ ಓದಿಗೂ ಅದನ್ನೇ ಬಳಸಿದೆ.

ನಾನು ಸಂತೆಯಲ್ಲಿ ಕುಬಸದ, ಅಂದರೆ ರವಿಕೆಯ, ಬಟ್ಟೆ ಮತ್ತು ಸಣ್ಣ ಮಕ್ಕಳ ಅಂಗಿ ಮಾರುವವಳು. ಮದುವೆಯಾಗಿ ಸರಸಂಬಾಕ್ಕೆ ಬಂದ ಹೊಸದರಲ್ಲಿ ತಲೆಯ ಮೇಲೆ ಒಂದು ಗಂಟು ಹೊತ್ತು ಮನೆಮನೆ ತಿರುಗುತ್ತಿದ್ದೆ. ಈಗ ನಮ್ಮದೇ ಒಂದು ಸಣ್ಣ ಟೆಂಪೊ ಇದೆ; ಗಂಡ ಓಡಿಸುತ್ತಾರೆ, ನಾನು ಮಾರುತ್ತೇನೆ. ವಾರಕ್ಕೆ ಮೂರು ಸಂತೆ: ಆಳಂದ, ಅಫಜಲಪುರ, ಜೇವರ್ಗಿ. ಸಂತೆಯ ದಿನ ಬೆಳಕು ಹರಿಯುವ ಮೊದಲೇ ಮನೆಗೆ ಕೀಲಿ ಬೀಳುತ್ತದೆ. ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹಿರಿಯರಿಲ್ಲ. ಅತ್ತೆ ಇರುವುದು ಜೇವರ್ಗಿಯಲ್ಲಿ, ದೊಡ್ಡ ಮಗನ ಹತ್ತಿರ. ಹಾಗಾಗಿ ಮಕ್ಕಳು ಬಟ್ಟೆಯ ಗಂಟುಗಳ ನಡುವೆ ಕೂತು ನಮ್ಮ ಜೊತೆಗೇ ಬರುತ್ತಿದ್ದರು.

ದೊಡ್ಡವಳಿಗೆ ಶಾಲೆಯ ವಯಸ್ಸು ಬಂದಾಗ ತೊಂದರೆ ಶುರುವಾಯಿತು. ವಾರದಲ್ಲಿ ಅರ್ಧ ದಿನಗಳು ಸಂತೆಗೇ ಹೋದರೆ ಶಾಲೆ ಎಲ್ಲಿಂದ ನಡೆಯಬೇಕು? ನಾನು ಊರಿನ ಶಾಲೆಯ ಮುಖ್ಯಗುರುಗಳನ್ನೇ ಹೋಗಿ ಕೇಳಿದೆ. ಕೆಲವು ವರ್ಷ ಮನೆಯಲ್ಲಿ ಕಲಿಸಿದರೂ, ಮುಂದೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಲು ಬರುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಆಳಂದದಲ್ಲಿ ಒಂದು ಕಾಯಂ ಅಂಗಡಿ ಹಿಡಿಯುವವರೆಗೆ ನಾನೇ ಕಲಿಸುತ್ತೇನೆ ಎಂದು ತೀರ್ಮಾನಿಸಿದೆ. ಪಿಯುಸಿ ಪಾಸಾದವಳು, ಎರಡನೇ ತರಗತಿಯ ಲೆಕ್ಕಕ್ಕೆ ಹೆದರುವವಳಲ್ಲ.

ಹೆದರಿದ್ದು ಭಾವನವರು, ನನ್ನ ಗಂಡನ ಅಣ್ಣ. ಅವರು ಜೇವರ್ಗಿಯಲ್ಲಿ ಮನೆ ಮಾಡಿಕೊಂಡು ಅಂದೋಲಾದ ಶಾಲೆಗೆ ಹೋಗಿಬರುವ ಮಾಸ್ತರರು. ಸಿಟ್ಟಿನವರಲ್ಲ, ಆದರೆ ಓದಿನ ವಿಷಯದಲ್ಲಿ ಸಡಿಲ ಬಿಡುವವರೂ ಅಲ್ಲ. ಒಂದು ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದು ನೇರವಾಗಿ ಕೇಳಿದರು.

"ಸಾಲಿ ಅಂದ್ರ ಬರೇ ಪುಸ್ತಕಲ್ಲವಾ. ಒಂದು ವ್ಯಾಳೆ ಇರ್ತದ, ಒಂದು ಶಿಸ್ತು ಇರ್ತದ. ಸಂತ್ಯಾಗ ಕುಂದ್ರಿಸಿ ಅದನ್ನ ಹೆಂಗ ಕಲಿಸ್ತಿ?"

"ಕಲಿಸ್ತೇನ್ರಿ ಭಾವಾರ. ಒಂದ್ ವರ್ಷ ಕೊಟ್ ನೋಡ್ರಿ."

"ಕೊಟ್ಟೆ. ಬರೋ ಬ್ಯಾಸಗಿ ಸೂಟಿಯೊಳಗ ನಾನ ಖುದ್ದ ಪರೀಕ್ಷಾ ತಗೋತೀನಿ. ಬಂತಂದ್ರ ನಿಮ್ಮ ಜೋಡಿ ಇರ್ಲಿ. ಬರ್ಲಿಲ್ಲಂದ್ರ ದೊಡ್ಡಾಕಿ ನಮ್ಮನಿಯಾಗ ಇದ್ದು ಸಾಲಿಗಿ ಹೋಗ್ಲಿ. ಆಕಿ ಆಯಿ, ನಮ್ಮವ್ವ ಅದಾಳ, ನೋಡ್ಕೋತಾಳ."

ಗಂಡ ಹೂಂ ಎಂದರು. ಅಣ್ಣನ ಮಾತಿಗೆ ಅವರು ಎಂದೂ ಇಲ್ಲ ಎಂದವರಲ್ಲ. ನಾನೂ ಹೂಂ ಎಂದೆ. ಏಳು ವರ್ಷದ ಮಗಳು ಒಳಗೆ ತಂಗಿಯ ಜಡೆ ಹೆಣೆಯುತ್ತಿದ್ದಳು. ಅವಳನ್ನು ಬಿಟ್ಟು ಟೆಂಪೊ ಹತ್ತುವುದು ಹೇಗಿರುತ್ತದೆಂದು ಒಂದು ಗಳಿಗೆ ಯೋಚಿಸಿದೆ. ಮರುದಿನವೇ ಇಬ್ಬರನ್ನೂ ಕರೆದುಕೊಂಡು ಪುಸ್ತಕ ಕೊಳ್ಳಲು ಕಲಬುರಗಿಗೆ ಹೊರಟೆ.

ಅಂಗಡಿಯವನು ಕೆಳಗಿಳಿಸಿದ್ದು ಒಂದು ದೊಡ್ಡ ಪೆಟ್ಟಿಗೆ. ಒಳಗೆ ಬಣ್ಣದ ಪುಸ್ತಕಗಳು, ಚಿತ್ರದ ಕಾರ್ಡುಗಳು, ಪ್ಲಾಸ್ಟಿಕ್ಕಿನ ಅಕ್ಷರಗಳು, ವರ್ಷದ ಪ್ರತಿ ದಿನಕ್ಕೂ ಏನು ಕಲಿಸಬೇಕೆಂದು ಅಚ್ಚು ಹಾಕಿದ ಒಂದು ದಪ್ಪ ಪುಸ್ತಕ.

"ಇದೊಂದ್ ಒಯ್ರಿ ಅಕ್ಕಾರ, ಮತ್ತೇನೂ ಬ್ಯಾಡ. ದೊಡ್ಡ ದೊಡ್ಡ ಊರಾಗ ಇದನ್ನ ಒಯ್ತಾರ."

"ದೊಡ್ಡ ಊರಿನವರಿಗಿ ದೊಡ್ಡ ಮನಿ ಇರ್ತಾವ. ಬಿಡಿ ಕೊಡ್ತೀರೇನ್ರಿ?"

"ಸೆಟ್ ಒಡಿಯಂಗಿಲ್ರಿ."

"ನಾನೂ ವ್ಯಾಪಾರದಾಕಿ. ಒಡಿಯದ ಸೆಟ್ ಯಾವುದೂ ಇರಂಗಿಲ್ಲ."

ನಡುವಿನ ಪುಟ ತೆರೆದೆ. ಹಿಮ ಬಿದ್ದ ಅಂಗಳದಲ್ಲಿ ಮಕ್ಕಳು ಗೊಂಬೆ ಮಾಡುತ್ತಿದ್ದರು. ನಮ್ಮ ಸೀಮೆಯ ಬೇಸಿಗೆಯಲ್ಲಿ ಆ ಪಾಠ ಓದಿದರೆ ಐಸ್‌ಕ್ಯಾಂಡಿ ಕೇಳುವುದೊಂದನ್ನೇ ನನ್ನ ಮಕ್ಕಳು ಕಲಿಯುವುದು. ಇನ್ನೊಂದು ಪುಸ್ತಕ ತೆರೆದೆ. ಅದರಲ್ಲಿ ಎಮ್ಮೆ ಕಳೆದುಕೊಂಡ ಒಬ್ಬ ಮುದುಕಿಯ ಕತೆ ಇತ್ತು. ಓದತೊಡಗಿದೆ. ಎಮ್ಮೆ ಸಿಗುವ ಮೊದಲೇ ನಿಲ್ಲಿಸಿದೆ. ಸಣ್ಣವಳು ನನ್ನ ಕೈಯನ್ನು ಸರಿಸಿ ಹಾಳೆ ತಿರುವಿದಳು. ಸಾಕು. ಆ ಕತೆಪುಸ್ತಕ, ಎರಡು ಸ್ಲೇಟು, ಲೆಕ್ಕ ಎಣಿಸುವ ಒಂದು ಮಣಿಚೌಕಟ್ಟು ತೆಗೆದುಕೊಂಡೆ. ಮಣಿಚೌಕಟ್ಟು ಆ ಪೆಟ್ಟಿಗೆಯಿಂದಲೇ ಹೊರಬಂತು. ಸೆಟ್ ಒಡೆಯುವುದಿಲ್ಲ ಎಂದವನು, ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಹಿಂದಿನಿಂದ ಕರೆದಿದ್ದ. ಲೆಕ್ಕಕ್ಕೂ ಕನ್ನಡಕ್ಕೂ ಊರಿನ ಶಾಲೆಯಲ್ಲಿ ಓದಿ ಮುಗಿಸಿದ ಮಕ್ಕಳ ಮನೆಗಳಿಂದ ಸರ್ಕಾರಿ ಪಠ್ಯಪುಸ್ತಕಗಳನ್ನು ಕೇಳಿ ತಂದೆ. ಭಾವನವರ ಪರೀಕ್ಷೆ ಬರುವುದು ಅವುಗಳೊಳಗಿಂದಲೇ ಎಂದು ನನಗೆ ಗೊತ್ತಿತ್ತು. ಗಿರಾಕಿ ಏನು ಕೇಳುತ್ತಾರೆ ಎಂದು ತಿಳಿದೇ ಮಾಲು ತುಂಬಬೇಕು.

ಪುಸ್ತಕ ಆರಿಸುವಲ್ಲಿ ನಾನು ಎಡವಲಿಲ್ಲ. ವೇಳಾಪಟ್ಟಿಯಲ್ಲಿ ಮಾತ್ರ ಎಡವಿದೆ. ಮೊಬೈಲಿನ ಒಂದು ವಿಡಿಯೊ ನೋಡಿ, ಗಂಟೆ ಗಂಟೆಗೆ ಒಂದೊಂದು ವಿಷಯ ಹಂಚಿ, ಹಾಳೆಯ ಮೇಲೆ ಗೆರೆ ಎಳೆದು, ಟೆಂಪೊದ ಒಳಗಡೆ ಅಂಟಿಸಿದೆ. ಆಳಂದದ ಸಂತೆಯಲ್ಲಿ ಅದರ ಮೊದಲ ದಿನ. ಓದಿನ ಗಂಟೆಯಲ್ಲಿ ಒಂದೇ ಮನೆಯ ಐದಾರು ಹೆಂಗಸರು ಸೀಮಂತಕ್ಕೆ ಕುಬಸ ಆರಿಸಲು ಬಂದರು. ಲೆಕ್ಕದ ಗಂಟೆಯಲ್ಲಿ ಸಣ್ಣವಳು ನಿದ್ದೆ ಹೋದಳು. ಬರೆಯುವ ಗಂಟೆ ಬಂದಾಗ ನಾವು ಮನೆಯ ದಾರಿಯಲ್ಲಿದ್ದೆವು. ತಗ್ಗು ಬಂದಾಗೆಲ್ಲ ಬಳಪ ಹಾರುತ್ತಿತ್ತು. ಗಂಡ ಕನ್ನಡಿಯಲ್ಲಿ ನೋಡಿ, "ನಿಮ್ಮ ಸಾಲಿ ಭಾಳ ಜಿಗಿದಾಡಾಕತ್ತದ," ಎಂದರು.

ಆ ಹಾಳೆ ಕಿತ್ತು ಹಾಕಿ ಹೊಸದಾಗಿ ಯೋಚಿಸಿದೆ. ಗಂಟೆಗಳನ್ನು ಬಿಟ್ಟು ಊರುಗಳನ್ನು ಹಿಡಿದೆ. ಆಳಂದದ ಸಂತೆಗೆ ಗಿರಾಕಿಗಳು ತಡವಾಗಿ ಬರುತ್ತಾರೆ, ಬೆಳಗಿನ ಹೊತ್ತು ಸುಮ್ಮನೆ ಕೂತಿರುತ್ತೇವೆ. ಅದು ಓದಿನ ದಿನವಾಯಿತು. ಅಫಜಲಪುರದ ದಾರಿ ಉದ್ದ; ಕೈಗೆ ಕೆಲಸವಿಲ್ಲ, ಬಾಯಿಗೆ ಬೇಕಾದಷ್ಟು ಇದೆ. ಮಗ್ಗಿ, ಪದ್ಯ, ಕತೆ ಹೇಳುವುದು ಎಲ್ಲ ಅಲ್ಲಿಗೆ. ಬರೆಯಲು ಅಲುಗದ ನೆಲ ಬೇಕು, ಹಾಗಾಗಿ ಬರವಣಿಗೆ ಮನೆಯಲ್ಲಿರುವ ದಿನಗಳಿಗೆ. ಜೇವರ್ಗಿ ಸಂತೆಯಲ್ಲಿ ತಲೆ ಎತ್ತಲು ಪುರಸೊತ್ತಿಲ್ಲ, ಆ ದಿನದ ಪಾಠದ ಜಾಗ ಖಾಲಿ ಬಿಟ್ಟೆ. ಜೇವರ್ಗಿಗೆ ಹೋಗುವಾಗ ಕಡಗಂಚಿಯ ವಿಶ್ವವಿದ್ಯಾಲಯ ಕಾಣುತ್ತದೆ. ಅದೇನು ಎಂದು ಸಣ್ಣವಳು ಕೇಳಿದಾಗ, ದೊಡ್ಡವರು ಕಲಿಯುವ ಸಾಲಿ ಎಂದೆ.

"ಅಷ್ಟು ದೊಡ್ಡವರಾದ್ರೂ ಇನ್ನಾ ಓದು ಬಂದಿಲ್ಲೇನವ್ವ ಅವರಿಗಿ?" ಎಂದಳು.

ಮನೆಯಲ್ಲಿ ಕಲಿಸುವವರಿಗೆ ನನ್ನ ಎರಡನೇ ಮಾತು ಇದೇ. ಬೇರೆಯವರ ಮನೆಯ ಗಡಿಯಾರ ತಂದು ನಿಮ್ಮ ಗೋಡೆಗೆ ಹಾಕಬೇಡಿ. ನಿಮ್ಮ ವಾರದಲ್ಲಿ ಎಲ್ಲಿ ಬಿಡುವಿದೆ, ಎಲ್ಲಿ ಗದ್ದಲವಿದೆ ನೋಡಿ, ಪಾಠವನ್ನು ಅದಕ್ಕೆ ಅಳತೆ ಮಾಡಿ ಹೊಲಿಯಿರಿ.

ಇನ್ನೊಂದು ಪದ್ಧತಿ ತಾನಾಗಿಯೇ ಬೆಳೆಯಿತು. ಸಂತೆಯಲ್ಲಿ ಹುಟ್ಟಿ ಬೆಳೆದ ಮಕ್ಕಳು. ಹೇಳಿದ ಮೊದಲ ಮಾತಿಗೇ ಒಪ್ಪಿಕೊಳ್ಳುವುದು ಅವರಿಗೆ ಗೊತ್ತಿಲ್ಲ.

"ಹತ್ತು ಲೆಕ್ಕ ಮಾಡು."

"ನಾಕು ಮಾಡ್ತೇನವ್ವ."

"ಎಂಟು."

"ಐದು, ಮತ್ತ ತಂಗಿಗಿ ಒಂದು ಕತಿ ಓದಿ ಹೇಳ್ತೇನಿ."

ಮೊದಲು ರೇಗಿದೆ. ಆಮೇಲೆ ನನ್ನ ಬುದ್ಧಿ ನೆಟ್ಟಗಾಯಿತು. ದಿನವಿಡೀ ಚೌಕಾಸಿ ಮಾಡಿ ಬದುಕುವವಳು ಮಕ್ಕಳಿಗೆ ಮಾತ್ರ ಮಾಡಬೇಡಿ ಎಂದರೆ ಯಾರು ಕೇಳುತ್ತಾರೆ? ಒಂದು ಕಟ್ಟುಪಾಡು ಹಾಕಿದೆ. ಇಳಿಸಬಹುದು, ಆದರೆ ಕಾರಣ ಹೇಳಬೇಕು. ಬೇಜಾರು ಎಂಬುದು ಕಾರಣವಲ್ಲ. ದೊಡ್ಡವಳು ಸಂತೆಯಲ್ಲಿ ಬಟ್ಟೆ ವಿಂಗಡಿಸುತ್ತಿದ್ದಳು. ಬಣ್ಣ ಏನೇ ಇರಲಿ, ನೇಯ್ಗೆ ಒಂದೇ ಇದ್ದರೆ ಒಂದೇ ಅಟ್ಟಿಗೆ ಹಾಕಬೇಕು ಎಂದು ನಾನೇ ಕಲಿಸಿದ್ದೆ. ಅದನ್ನೇ ಲೆಕ್ಕಕ್ಕೂ ತಂದಳು. ಈ ಮೂರೂ ಒಂದೇ ತರಹದವು, ಒಂದು ಮಾಡಿದರೆ ಮೂರೂ ಬಂದಂತೆ ಎನ್ನುತ್ತಿದ್ದಳು. ಹೇಗೆ ಒಂದೇ ಎಂದು ಬಾಯಿಬಿಟ್ಟು ಹೇಳಿದರೆ ಬಿಡುತ್ತಿದ್ದೆ. ಹೇಳಲು ಬಾರದಿದ್ದರೆ ಮೂರನ್ನೂ ಮಾಡಬೇಕು. ಇಳಿಸಲೆಂದು ಲೆಕ್ಕಗಳನ್ನು ದಿಟ್ಟಿಸಿ ನೋಡುತ್ತಾ ಕೂರುವ ಹೊತ್ತಿನಲ್ಲೇ ಅವಳಿಗೆ ಅರ್ಧ ಲೆಕ್ಕ ತಿಳಿದುಬಿಡುತ್ತಿತ್ತು. ನಾನೂ ಆರು ಬೇಕಿದ್ದಾಗ ಹತ್ತು ಹೇಳುವುದನ್ನು ರೂಢಿ ಮಾಡಿಕೊಂಡೆ. ಇಬ್ಬರಿಗೂ ಗೆದ್ದ ಸಂತೋಷ.

"ಎಲ್ಲಾರ ಸಾಲ್ಯಾಗ ಗಂಟೆ ಬಾರಸ್ತಾರ," ಎನ್ನುತ್ತಿದ್ದರು ಗಂಡ, "ನಿನ್ನ ಸಾಲ್ಯಾಗ ಹರಾಜಿನ ಬೋಲಿ ಕೂಗ್ತಾರ."

ವರ್ಷ ಹೀಗೆ ಕಳೆದು ಬೇಸಿಗೆ ಬಂತು. ಪರೀಕ್ಷೆಗೆಂದು ಜೇವರ್ಗಿಗೆ ಹೊರಟೆವು. ಮಗಳಿಗೆ ತಲೆ ಬಾಚಿ, ಹೊಸ ಅಂಗಿ ತೊಡಿಸಿ, ಹಿರಿಯರ ಕಾಲು ಮುಟ್ಟಬೇಕು, ಗಟ್ಟಿಯಾಗಿ ಓದಬೇಕು ಎಂದು ದಾರಿಯುದ್ದಕ್ಕೂ ಹೇಳಿದೆ. ಹೇಳಬೇಕಾದ ಒಂದನ್ನೇ ಮರೆತೆ. ದೊಡ್ಡಪ್ಪ ಕೊಟ್ಟದ್ದನ್ನು ಕೊಟ್ಟಂತೆ ಮಾಡಬೇಕು, ಅಲ್ಲಿ ಚೌಕಾಸಿ ಇಲ್ಲ ಎಂದು ಹೇಳಲೇ ಇಲ್ಲ. ಚೌಕಾಸಿ ಇಲ್ಲದ ಜಾಗವೂ ಇರುತ್ತದೆ ಎಂಬುದು ನನಗೇ ನೆನಪಾಗಲಿಲ್ಲ ನೋಡಿ.

ಓದು ಚೆನ್ನಾಗಿ ಆಯಿತು. ಭಾವನವರು ಪುಸ್ತಕದ ನಡುವೆ ಎಲ್ಲೋ ತೆರೆದು ಕೊಟ್ಟರು; ಅವಳು ತಡವರಿಸದೆ ಓದಿ, ಕೇಳಿದ್ದಕ್ಕೆ ಉತ್ತರ ಹೇಳಿದಳು. ಆಮೇಲೆ ಅವರು ಒಂದು ಹಾಳೆಯಲ್ಲಿ ಹತ್ತು ಲೆಕ್ಕ ಬರೆದು ಮುಂದಿಟ್ಟರು. ಮಗಳು ಪೆನ್ಸಿಲ್ ಮುಟ್ಟಲಿಲ್ಲ. ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ ನೋಡಿದಳು.

"ಏಳು ಮಾಡ್ತೇನ್ರಿ ದೊಡ್ಡಪ್ಪ."

ಬಾಗಿಲಲ್ಲಿ ನಿಂತಿದ್ದ ಅತ್ತೆ ನನ್ನ ಮುಖ ನೋಡಿದರು. ಗಂಡ ನೆಲ ನೋಡಿದರು. ಭಾವನವರು ಕನ್ನಡಕ ತೆಗೆದರು.

"ಯಾಕ? ಉಳಿದ ಮೂರು ಬರಂಗಿಲ್ಲೇನು?"

"ಬರ್ತಾವ್ರಿ."

"ಬರ್ತಾವಂದ್ರ ಮಾಡು. ಇದೇನ್ ಸಂತಿ ಅಂತ ತಿಳಕೊಂಡೀಯೇನು?" ಎಂದು ನನ್ನ ಕಡೆ ತಿರುಗಿದರು. "ಇದ ನೋಡವಾ ನಾ ಹೇಳಿದ್ದು. ಹುಡುಗಿಗಿ ಕೊಟ್ಟ ಕೆಲಸ ಪೂರಾ ಮಾಡೋ ಶಿಸ್ತ ಇಲ್ಲ. ಈ ವರ್ಷ ಇಲ್ಲೇ ಇರ್ಲಿ, ನಾ ಸಾಲಿಗಿ ಹಾಕ್ತೀನಿ."

ನನಗೆ ಎದ್ದು ಮಗಳಿಗೆ ಹತ್ತೂ ಮಾಡು ಎನ್ನಬೇಕೆನಿಸಿತು. ಆದರೆ ಗಿರಾಕಿ ಬಟ್ಟೆಯನ್ನು ಕೈಯಲ್ಲಿ ಹಿಡಿದಿರುವಾಗ ಮಾರುವವಳು ಬಾಯಿ ತೆರೆದರೆ ವ್ಯಾಪಾರ ಕೆಡುತ್ತದೆ. ಹಾಳೆ ಇನ್ನೂ ಭಾವನವರ ಕಣ್ಣೆದುರೇ ಇತ್ತು. ತಡೆದುಕೊಂಡೆ.

ಮಗಳು ಅಳಲಿಲ್ಲ. ಸಂತೆಯಲ್ಲಿ ಗಿರಾಕಿ ಸಿಟ್ಟಾದರೆ ನಾನು ಹೇಗೆ ಬಟ್ಟೆಯನ್ನೇ ಮುಂದೆ ಹಿಡಿಯುತ್ತೇನೋ ಹಾಗೆ, ಆ ಹಾಳೆಯ ಮೇಲೆ ಬೆರಳಿಟ್ಟಳು.

"ಕಾರಣ ಅದರಿ ದೊಡ್ಡಪ್ಪ. ಇದು, ಇದು, ಇದು, ಇದು, ನಾಕೂ ಒಂದೇ ಮಾಲು. ನಾಕೂ ಕಳಿಯೂ ಲೆಕ್ಕ. ಒಂದು ಮಾಡಿ ತೋರಸ್ತೇನಿ, ಉಳಿದ ಮೂರೂ ಹಂಗ ಬರ್ತಾವ. ಹತ್ತರಾಗ ಮೂರು ಹೋದ್ರ ಏಳು."

ಭಾವನವರು ಕನ್ನಡಕ ಮತ್ತೆ ಹಾಕಿಕೊಂಡು ಹಾಳೆಯನ್ನು ಹತ್ತಿರ ಹಿಡಿದರು. ಮಾಸ್ತರಿಕೆ ಎಂಬುದು ರಕ್ತದಲ್ಲಿರುತ್ತದೆ. ಮಗುವೊಂದು ಕಾರಣ ಹೇಳಿದರೆ ಅದು ಸರಿಯೋ ತಪ್ಪೋ ನೋಡದೆ ಬಿಡಲು ಅವರಿಂದ ಆಗಲಿಲ್ಲ. ಒಂದೊಂದನ್ನೇ ನೋಡುತ್ತಾ ಬಂದ ಅವರ ಬೆರಳು ನಾಲ್ಕರಲ್ಲಿ ಕೊನೆಯದರ ಮೇಲೆ ನಿಂತಿತು. ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆಯುವ ಲೆಕ್ಕ.

"ಇದೂ ಅದೇ ಮಾಲೇನು?"

"ಹೌದ್ರಿ."

"ಸರಿಯಾಗಿ ನೋಡು. ಎರಡರಾಗ ಏಳು ಹೆಂಗ ಕಳೀತಿ?"

ಮಗಳು ಬಗ್ಗಿ ನೋಡಿದಳು. ತುಟಿಗಳು ಅಲುಗಿದವು. ಉಳಿದ ಮೂರನ್ನೂ ನೋಡಿ, ಮತ್ತೆ ಇದನ್ನು ನೋಡಿದಳು.

"ಇಲ್ರಿ, ಇದು ಬ್ಯಾರೆ ಅದ. ಇದಕ್ಕ ಹತ್ತು ಕಡಾ ತಗೋಬೇಕು. ಎಂಟು ಮಾಡ್ತೇನ್ರಿ."

ಭಾವನವರು ನಕ್ಕರು. ನಗು ಬಂದದ್ದು ಅವರಿಗೇ ಇಷ್ಟವಿಲ್ಲದಂತೆ ಮೀಸೆ ಒರೆಸಿಕೊಂಡರು. "ಮಾಡು," ಎಂದರು, "ಎಂಟರಾಗ ಒಂದ್ ತಪ್ಪಿದ್ರ ಹತ್ತೂ ಮಾಡಬೇಕು ಮತ್ತ."

"ಆತ್ರಿ."

ಎಂಟೂ ಸರಿ ಇದ್ದವು. ಆ ಹೊತ್ತಿನಲ್ಲಿ ನನಗೆ ಎಷ್ಟು ಹಿಗ್ಗಾಯಿತು ಎಂದು ಬರೆಯಲು ಸಂಕೋಚವಿಲ್ಲ. ತಲೆಯ ಮೇಲಿನ ಗಂಟು ಇಳಿದು ಟೆಂಪೊ ಬಂದ ದಿನವೂ ಅಷ್ಟು ಹಿಗ್ಗಿರಲಿಲ್ಲ. ಲೆಕ್ಕ ಸರಿ ಬಂದದ್ದಕ್ಕಲ್ಲ. ಲೆಕ್ಕ ನೋಡಿ ಅದರ ನೇಯ್ಗೆ ಗುರುತಿಸಿದಳಲ್ಲ, ತಪ್ಪಿದಾಗ ಸಣ್ಣಗಾಗದೆ ತಿದ್ದಿಕೊಂಡಳಲ್ಲ, ಅದಕ್ಕೆ. ಅದು ಆ ಬಣ್ಣದ ಪೆಟ್ಟಿಗೆಯಲ್ಲಿ ಇರಲಿಲ್ಲ.

ಊಟಕ್ಕೆ ಕೂತಾಗ ಭಾವನವರು ರೊಟ್ಟಿ ಮುರಿಯುತ್ತಾ ಮಾತು ತೆಗೆದರು.

"ಹುಡುಗಿ ನಿಮ್ಮ ಜೋಡಿ ಇರ್ಲಿ. ಮಾತಂದ್ರ ಮಾತು. ಆದ್ರ ಬರವಣಿಗಿ ಮಾತ್ರ ನೋಡಾಕ ಆಗವಲ್ದು. ಅಕ್ಷರ ಎಲ್ಲಾ ಗುಡ್ಡ ಹತ್ತಾಕತ್ತಾವ."

ಅದು ನಿಜ. ಮನೆಯಲ್ಲಿರುವ ದಿನಗಳಲ್ಲಿ ಮಾಲು ವಿಂಗಡಿಸುವ ಕೆಲಸವೇ ಹೆಚ್ಚಾಗಿ, ಬರೆಸುವುದು ಕಮ್ಮಿಯಾಗಿತ್ತು. ತಲೆಯಾಡಿಸಿ ಒಪ್ಪಿಕೊಂಡೆ.

"ಒಂದ್ ಕೆಲಸ ಮಾಡ್ರಿ. ಇಲ್ಲಿ ಸಂತಿ ಇದ್ದ ದಿನ ಇಬ್ಬರನ್ನೂ ನಮ್ಮನಿಗಿ ಬಿಟ್ಟು ಹೋಗ್ರಿ. ನಾ ಸಾಲಿಯಿಂದ ಬಂದ ಮ್ಯಾಲೆ ಬರಿಯೋದು ತಿದ್ದತೀನಿ. ನೀವು ಗಂಟು ಕಟ್ಟೂದರಾಗ ನಮ್ಮ ಪಾಠ ಮುಗೀತದ."

ನನ್ನ ವೇಳಾಪಟ್ಟಿಯಲ್ಲಿ ವರ್ಷವಿಡೀ ಖಾಲಿ ಉಳಿದಿದ್ದು ಅದೇ ದಿನ. ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡು, ಕೇಳಿದರೆ ನನ್ನಿಂದ ಆಗುತ್ತಿಲ್ಲ ಎಂದಾಗುತ್ತದೆಂದು ನುಂಗಿಕೊಂಡಿದ್ದೆ. ಈಗ ತಾನಾಗಿ ಬಂದಾಗ ಒಮ್ಮೆಲೇ ಕೈ ಚಾಚುವಷ್ಟು ದಡ್ಡಿಯೂ ಅಲ್ಲ.

"ನಿಮಗ ತ್ರಾಸ ಆಗ್ತದೇನೋ ಭಾವಾರ. ಸಾಲಿ ಮುಗಿಸಿ ದಣಿದು ಬಂದಿರ್ತೀರಿ."

"ಏನ್ ತ್ರಾಸ? ನಮ್ಮ ಮಕ್ಕಳಿಗಿ ನಾ ಕಲಿಸಬಾರ್ದೇನು? ತಪ್ಪಿಸಬ್ಯಾಡ್ರಿ ಮತ್ತ, ವಾರಾ ವಾರಾ ಬರಬೇಕು."

"ನೀವು ಇಷ್ಟು ಹೇಳ್ತೀರಿ ಅಂದ್ರ ಆತ್ರಿ," ಎಂದೆ. ಪಕ್ಕದಲ್ಲಿ ಗಂಡ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೊಬ್ಬಳಿಗೇ ಗೊತ್ತು.

ಊಟವಾದ ಮೇಲೆ ಅತ್ತೆ ನನ್ನನ್ನು ಒಳಕೋಣೆಗೆ ಕರೆದರು. ಗೋಡೆಯ ಅಲಮಾರಿನ ಬಾಗಿಲು ತೆಗೆದು ನಿಂತರು. ನಡುವಿನ ಖಾನೆಯನ್ನು ಖಾಲಿ ಮಾಡಿ, ಹೊಸ ಹಾಳೆ ಹಾಸಿಟ್ಟಿದ್ದರು.

"ಆಕಿ ಅಂಗಿ ಇಡ್ಲಾಕ ಅಂತ ಮಾಡಿಟ್ಟಿದ್ದೆ," ಎಂದರು. "ಇರಂಗಿಲ್ಲೇನ ಬೇ ಹಂಗಾರ?"

ಗೆದ್ದ ಅಮಲಿನಲ್ಲಿ ಇವರೊಬ್ಬರು ಸೋತದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ವ್ಯಾಪಾರದಲ್ಲಿ ಎದುರಿನವರೂ ಏನಾದರೂ ಹಿಡಿದುಕೊಂಡು ಮನೆಗೆ ಹೋಗಬೇಕು; ಬರಿಗೈಯಲ್ಲಿ ಹೋದವರು ತಿರುಗಿ ಬರುವುದಿಲ್ಲ.

"ಖಾಲಿ ಬಿಡಬ್ಯಾಡ್ರಿ ಅತ್ತಿ," ಎಂದೆ. "ವಾರಾ ವಾರಾ ಬರ್ತಾರಲ್ಲ. ಬರಿಯೋ ಪುಸ್ತಕ, ಪಾಟಿ ಎಲ್ಲಾ ಇಲ್ಲೇ ಇರ್ಲಿ. ಸಂತಿ ಧೂಳಾಗ ಯಾಕ ಒಯ್ಯೋದು? ನೀವೇ ಜ್ವಾಕಿ ಮಾಡ್ರಿ."

ಅತ್ತೆ ಹಾಸಿದ ಹಾಳೆಯ ಸುಕ್ಕು ತೀಡಿದರು. ಬಾಗಿಲ ಬಳಿ ಕೇಳಿಸಿಕೊಳ್ಳುತ್ತಿದ್ದ ಸಣ್ಣವಳು ಓಡಿ ಹೋಗಿ ತನ್ನ ಸ್ಲೇಟು ತಂದು ಆ ಹಾಳೆಯ ಮೇಲಿಟ್ಟಳು. ದೊಡ್ಡವಳು ತನ್ನ ಪುಸ್ತಕಗಳನ್ನು ಎದೆಗೆ ಒತ್ತಿ ಹಿಡಿದು ಬಂದು, ಖಾನೆಯನ್ನು ಬಲಗಡೆಯಿಂದ ಎಡಗಡೆಗೆ ಕಣ್ಣಲ್ಲೇ ಅಳೆದಳು.

"ಇಬ್ಬರಿಗಿ ಸಾಲಂಗಿಲ್ಲ ಆಯಿ. ಮ್ಯಾಲಿನ ಖಾನಿನೂ ಕೊಡ್ರಿ."

"ಅದರಾಗ ನನ್ನ ಸೀರಿ ಅದಾವ."

"ಅರ್ಧ ಕೊಡ್ರಿ."

"ನಿಮ್ಮವ್ವನ ಮಗಳು ಖರೇ," ಎಂದು ಅತ್ತೆ ಗೊಣಗಿದರು. ಆದರೆ ಕೈ ಆಗಲೇ ಮೇಲಿನ ಖಾನೆಗೆ ಹೋಗಿತ್ತು. ಒಂದೊಂದಾಗಿ ಸೀರೆಗಳನ್ನು ಒಂದು ಬದಿಗೆ ಸರಿಸತೊಡಗಿದರು. ಮಗಳು ಹಿಮ್ಮಡಿ ಎತ್ತಿ, ಅರ್ಧ ಸರಿಯಾಗಿ ಆಯಿತೋ ಇಲ್ಲವೋ ಎಂದು ನೋಡುತ್ತಾ ನಿಂತಿದ್ದಳು.